ಪಟ್ಟದ ಗೊಂಬೆಯ ಮೇಲೆ ರಷ್ಯಾ ವಿಮಾನ

ವಿಮಾನಗಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಹುಣಸೂರಿನಲ್ಲಿ ಇಬ್ಬರು ಬಲವಾಗಿ ನಂಬಿದ್ದರು. ಒಬ್ಬ ನಾನು. ಇನ್ನೊಬ್ಬಳು ನನ್ನ ಹೆಂಡತಿ ಗೌರಮ್ಮ. ಊರಿನ ಉಳಿದವರು ಸುಮ್ಮನೆ ಒಪ್ಪಿಕೊಂಡಿದ್ದರು, ಯಾಕೆಂದರೆ ಅವರಿಗೆ ವಿಮಾನದಿಂದ ಆಗಬೇಕಾದ ಕೆಲಸ ಏನೂ ಇರಲಿಲ್ಲ.

ಈ ನಂಬಿಕೆಗೆ ಆಧಾರವೂ ಇತ್ತು. ಯುದ್ಧದ ಕಾಲದಲ್ಲಿ ನಾನು ಬೆಂಗಳೂರಿನ ಹತ್ತಿರ ಒಂದು ಏರೋಡ್ರೋಮಿನಲ್ಲಿ ಕೆಲಸಕ್ಕಿದ್ದೆ. ಏನು ಕೆಲಸ ಎಂದು ಊರಿನವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ: ಅಡುಗೆಮನೆಯ ಸ್ಟೋರಿನಲ್ಲಿ ಅಕ್ಕಿ, ಈರುಳ್ಳಿ ತೂಗಿ ಕೊಡುವುದು! ಆ ಸ್ಟೋರಿಗೆ ಒಂದೇ ಕಿಟಕಿ. ಅದರಿಂದ ವಿಮಾನ ಹಾರಿಹೋಗುವುದು ಕಾಣುತ್ತಿತ್ತು, ಬಂದು ಇಳಿಯುವುದು ಕಾಣುತ್ತಿರಲಿಲ್ಲ. ಹೀಗಾಗಿ ಎಷ್ಟೋ ವಿಮಾನಗಳ ಬೆನ್ನು ನನಗೆ ಚೆನ್ನಾಗಿ ಪರಿಚಯ. ಮುಖ ಮಾತ್ರ ಒಂದರದೂ ನೋಡಿದ್ದಿಲ್ಲ.

ಯುದ್ಧ ಮುಗಿದ ಮೇಲೆ ಖಾಕಿ ಕೋಟು ಹಾಕಿಕೊಂಡು ಊರಿಗೆ ಬಂದೆ. ಬಸ್ ಸ್ಟ್ಯಾಂಡಿನ ಎದುರು ದಿನಸಿ ಅಂಗಡಿ ಇಟ್ಟೆ. ಇಲ್ಲೂ ಈರುಳ್ಳಿ ತೂಗುವುದೇ ಕೆಲಸ. ಆದರೂ ಜನ ನನ್ನನ್ನು ಏರೋಪ್ಲೇನ್ ನಂಜುಂಡಪ್ಪ ಎಂದೇ ಕರೆದರು. ಆಗೆಲ್ಲ ಆಕಾಶದಲ್ಲಿ ವಿಮಾನದ ಸದ್ದು ಕೇಳುವುದೇ ಅಪರೂಪ. ಕೇಳಿದರೆ ಸಾಕು, ತಕ್ಕಡಿ ಬಿಟ್ಟು ರಸ್ತೆಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ಗಂಭೀರವಾಗಿ "ಡಕೋಟಾ" ಎನ್ನುತ್ತಿದ್ದೆ. ಬಂದದ್ದೆಲ್ಲ ಡಕೋಟಾ. ಅಲ್ಲ ಅನ್ನುವವರು ಯಾರು?

ಹೀಗೆ ನೆಮ್ಮದಿಯಾಗಿದ್ದ ಕಾಲದಲ್ಲಿ, ಒಂದು ದಿನ ಸುಬೇದಾರ್ ಬೋಪಯ್ಯನವರು ಅಂಗಡಿಗೆ ಬಂದರು. ಕೊಡಗಿನವರು. ಪಟಾಲಮಿನಿಂದ ನಿವೃತ್ತರಾಗಿ ಕಾಫಿ ತೋಟ ನೋಡಿಕೊಂಡಿದ್ದರು. ಮಡಿಕೇರಿ ಬಸ್ಸು ಹುಣಸೂರಿನಲ್ಲಿ ನಿಂತಾಗಲೆಲ್ಲ ಇಳಿದು, ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಎರಡು ಮಾತಾಡಿ ಹೋಗುವುದು ಅವರ ವಾಡಿಕೆ. ಅಂದು ಜೇಬಿನಿಂದ ಇಸ್ಪೀಟು ಎಲೆಯಷ್ಟು ದೊಡ್ಡದಾದ ಒಂದು ರಟ್ಟಿನ ಕಾರ್ಡು ತೆಗೆದು ನನ್ನ ಕೈಗಿಟ್ಟರು. ನೀಲಿ ಆಕಾಶ, ಅದರಲ್ಲಿ ಬೂದು ಬಣ್ಣದ ವಿಮಾನ, ರೆಕ್ಕೆಯ ಮೇಲೆ ಕೆಂಪು ನಕ್ಷತ್ರ. ನೆಲದಲ್ಲಿ ಅಂಗಾತ ಮಲಗಿ ನೆತ್ತಿಯ ಮೇಲೆ ಹೋಗುವ ವಿಮಾನ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಬರೆದಿದ್ದರು.

"ನನ್ನ ತಂಗಿ ಮಗ ಹಡಗಿನಲ್ಲಿ ಕೆಲಸದಲ್ಲಿದ್ದಾನಲ್ಲ, ಅವನು ತಂದುಕೊಟ್ಟದ್ದು ಮಾರಾಯ್ರೆ" ಎಂದರು. "ಪರದೇಶದಲ್ಲಿ ಅಗಿಯುವ ಮಿಠಾಯಿ ಪೊಟ್ಟಣದೊಳಗೆ ಇಂಥ ಕಾರ್ಡ್ ಇಡ್ತಾರಂತೆ. ನನ್ನ ಹತ್ರ ಒಂದು ಆಲ್ಬಂ ತುಂಬ ಉಂಟು. ಎಲ್ಲದರ ಹೆಸರೂ ಗೊತ್ತು, ಇದೊಂದರದ್ದು ಗೊತ್ತಿಲ್ಲ. ರಷ್ಯಾದ ಬಾಂಬರ್. ಪರೀಕ್ಷೆಗೆ ಅಂತ ಒಂದೋ ಎರಡೋ ಮಾಡಿ, ಸರಿಹೋಗಲಿಲ್ಲ ಅಂತ ಬಿಟ್ಟುಬಿಟ್ರಂತೆ. ಹೆಸರು ಹಿಂಬದಿಯಲ್ಲಿ ಅಚ್ಚಾಗಿತ್ತು. ನಾನು ಓದದೆ ಅಂಟು ಬಳಿದು ಆಲ್ಬಮಿಗೆ ಅಂಟಿಸಿದೆ. ಈಗ ಕಿತ್ತರೆ ಆಲ್ಬಮಿನ ಕಾಗದವೇ ಮೆತ್ತಿಕೊಂಡು ಬಂತು, ನೋಡಿ."

ಕಾರ್ಡಿನ ಹಿಂಬದಿಯಲ್ಲಿ ಕಪ್ಪು ಕಾಗದ ಕಂಬಳಿಯಂತೆ ಕೂತಿತ್ತು.

"ನೀವು ಏರೋಡ್ರೋಮಿನಲ್ಲಿ ಇದ್ದವರು. ನಿಮಗೆ ಗೊತ್ತಾಗದಿದ್ದರೆ ಇನ್ನು ಯಾರಿಗೆ?"

ಆಗ ನಾನು ಹೇಳಬೇಕಾಗಿದ್ದ ಮಾತು "ನನಗೆ ಗೊತ್ತಿಲ್ಲ ಸುಬೇದಾರ್ರೇ" ಎಂದು. ಹೇಳಿದ ಮಾತು "ಇದೇನು ಮಹಾ, ಬಿಟ್ಟು ಹೋಗಿ" ಎಂದು! ಮೈಸೂರು ದಸರಾ ನೋಡಲು ಹೋಗುವಾಗ ಬಂದು ಕಾರ್ಡನ್ನೂ ಹೆಸರನ್ನೂ ತೆಗೆದುಕೊಂಡು ಹೋಗುತ್ತೇನೆ, ನಿಮಗೆ ಒಂದು ಡಬ್ಬ ಜೇನುತುಪ್ಪ ತರುತ್ತೇನೆ ಎಂದು ಹೇಳಿ ಅವರು ಬಸ್ಸು ಹತ್ತಿದರು.

ಕಾರ್ಡನ್ನು ಮನೆಗೆ ತಂದಾಗ ಗೌರಮ್ಮ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಅದಕ್ಕೆ ಕಾರಣವಿತ್ತು. ಗೌರಿ ಹಬ್ಬಕ್ಕೆ ಬಾಗಿನ ತರಲು ಅವಳೂ ಅವಳ ಅಕ್ಕನೂ ಬೆಟ್ಟದಪುರಕ್ಕೆ, ತವರಿಗೆ ಹೋಗಿದ್ದರು. ಅಲ್ಲಿ ನಮ್ಮ ಅತ್ತೆ ಒಂದು ಮಾತು ಹೇಳಿದ್ದರು. "ಮಂಡಿ ನೋವು ಕಣ್ರವ್ವ. ಈ ವರ್ಷದಿಂದ ಗೊಂಬೆ ಕೂರ್ಸೋಕೆ ನನ್ ಕೈಲಾಗಕಿಲ್ಲ. ಪಟ್ಟದ ಗೊಂಬೆನ ನಿಮ್ಮಿಬ್ಬರಲ್ಲಿ ಒಬ್ರಿಗೆ ಕೊಡ್ತೀನಿ. ಇಬ್ರ ಮನೆಗೂ ಬಂದು ನೋಡ್ತೀನಿ. ಯಾರು ಚೆಂದಾಗಿ ಕೂರ್ಸಿರ್ತಾರೋ ಅವ್ರಿಗೆ."

ದಸರೆಯಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರಲ್ಲ, ಅದರಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಪಟ್ಟದ ರಾಜ ರಾಣಿಯರದು. ಅತ್ತೆಯ ಆ ಜೋಡಿ ರಕ್ತಚಂದನದ್ದು, ಅವರು ಮದುವೆಯಾಗಿ ಬರುವಾಗ ತಮ್ಮ ತವರಿನಿಂದ ತಂದದ್ದು. ಗೌರಮ್ಮ ಹುಡುಗಿಯಾಗಿದ್ದಾಗ ಆ ರಾಣಿಗೆ ಮಖಮಲ್ಲಿನ ಸೀರೆ ಹೊಲಿದವಳು. ವರ್ಷವರ್ಷವೂ ಅದರ ಮುಖ ಒರೆಸಿ ಒರೆಸಿ ಒಂದು ಕಣ್ಣಿನ ಬಣ್ಣವನ್ನೇ ಅಳಿಸಿದ್ದವಳು. ಅಕ್ಕ ರಾಜಮ್ಮ ಆ ಗೊಂಬೆಯನ್ನು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ರಾಜಮ್ಮನ ಮನೆ ಇದ್ದದ್ದು ಕೆ.ಆರ್. ನಗರದಲ್ಲಿ, ಗಂಡನಿಗೆ ರೈಸ್ ಮಿಲ್ಲಿತ್ತು, ಮಿಲ್ಲಿಗೆ ಕರೆಂಟಿತ್ತು.

ಆ ರೈಸ್ ಮಿಲ್ಲಿನ ಶಿವಲಿಂಗಪ್ಪನೇ ನನ್ನ ಷಡ್ಡಕ. ಷಡ್ಡಕ ಎಂದರೆ ಏನು ಎಂದು ಮದುವೆಯಾದವರಿಗೆ ವಿವರಿಸಬೇಕಾಗಿಲ್ಲ.

"ಭಾವ ಗೊಂಬೆ ಮುಂದೆ ಕನ್ನಂಬಾಡಿ ಕಟ್ಟೆನೇ ಕಟ್ತಾರಂತೆ ಕಣ್ರೀ" ಎಂದಳು ಗೌರಮ್ಮ. "ಕಟ್ಟೆಯಿಂದ ನೀರು ಬಿಡ್ತಾರಂತೆ. ಬಣ್ಣಬಣ್ಣದ ಬಲ್ಬ್ ಹಾಕ್ತಾರಂತೆ. ನಮ್ಮನೇಲಿ ಏನೈತೆ?"

"ನಾನಿಲ್ವೇನೆ?" ಎಂದೆ.

ಅವಳು ಇನ್ನಷ್ಟು ಮುಖ ಸಣ್ಣದು ಮಾಡಿಕೊಂಡಳು.

ಆಗಲೇ ನನ್ನ ತಲೆಯಲ್ಲಿ ಆ ಮಹಾಯೋಜನೆ ಹುಟ್ಟಿದ್ದು! ಕಾರ್ಡನ್ನು ಅವಳ ಮುಂದೆ ಹಿಡಿದೆ. ಇದೇ ವಿಮಾನವನ್ನು ಮರದಲ್ಲಿ ಮಾಡಿಸುವುದು. ಗೊಂಬೆಗಳ ಮೇಲೆ ಅಡ್ಡಲಾಗಿ ತಂತಿ ಕಟ್ಟುವುದು. ವಿಮಾನ ಆ ತಂತಿಯ ಮೇಲೆ ಹಾರಿ ಬರುವುದು. ಪಟ್ಟದ ಗೊಂಬೆಯ ನೆತ್ತಿಗೆ ಬಂದಾಗ ಹೊಟ್ಟೆ ತೆರೆದು, ಬಾಂಬಿನ ಬದಲು ಸೇವಂತಿಗೆಯ ದಳ ಉದುರಿಸುವುದು. ಸಾಕ್ಷಾತ್ ಪುಷ್ಪವೃಷ್ಟಿ! ಕನ್ನಂಬಾಡಿ ಕಟ್ಟೆ ಇದರ ಮುಂದೆ ಯಾವ ಮೂಲೆಗೆ?

ಗೌರಮ್ಮನ ಕಣ್ಣು ಅರಳಿತು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

"ಇದ್ರ ಹೆಸರೇನು?"

"ಯಾಕೆ?"

"ಅವ್ವ ಒಂದೊಂದು ಗೊಂಬೆ ಮುಂದೂ ನಿಂತು, ಇದ್ಯಾರು, ಇದೇನು ಅಂತ ಕೇಳ್ತಾಳೆ ಕಣ್ರೀ. ನಮ್ ಮನೇಲಿ ಹೆಸರಿಲ್ದಿರೋ ಗೊಂಬೆನ ಮೆಟ್ಟಿಲು ಹತ್ಸಂಗಿಲ್ಲ. ಚೀಟಿ ಬರ್ದು ಮುಂದೆ ಇಡಬೇಕು."

ಹೀಗೆ ಸುಬೇದಾರರಿಗೆ ಬರೀ ಕುತೂಹಲವಾಗಿದ್ದದ್ದು ನನಗೆ ಸಂಸಾರದ ಪ್ರಶ್ನೆಯಾಯಿತು.

ಹೆಸರು ಕಪ್ಪು ಕಾಗದದ ಅಡಿಯಲ್ಲಿದೆ. ಕಾಗದ ಬಿಡಿಸಿದರಾಯಿತು. ಅಂಚೆ ಲಕೋಟೆಯ ಅಂಟು ಹಬೆಗೆ ಬಿಡುತ್ತದೆ ಎಂದು ಎಲ್ಲರಿಗೂ ಗೊತ್ತು. ಮನೆಯಲ್ಲಿ ಹಬೆ ಎಲ್ಲಿದೆ? ಭಾನುವಾರ ಬೆಳಿಗ್ಗೆ ಗೌರಮ್ಮ ಇಡ್ಲಿ ಪಾತ್ರೆ ಒಲೆಯ ಮೇಲಿಟ್ಟು ಚಟ್ನಿ ರುಬ್ಬಲು ಹಿತ್ತಿಲಿಗೆ ಹೋದಳು. ನಾನು ಮೇಲಿನ ತಟ್ಟೆಯಲ್ಲಿ, ಒಂದು ಇಡ್ಲಿಯ ಜಾಗದಲ್ಲಿ, ಒದ್ದೆ ಬಟ್ಟೆಯ ಮೇಲೆ ಕಾರ್ಡನ್ನು ಮಲಗಿಸಿ ಮುಚ್ಚಳ ಮುಚ್ಚಿದೆ. ಎರಡು ನಿಮಿಷ ಸಾಕಿತ್ತು. ಅಷ್ಟರಲ್ಲಿ ಯಾರೋ ಬೆಲ್ಲ ಬೇಕೆಂದು ಮನೆಯ ಬಾಗಿಲಿಗೇ ಬಂದರು. ಅವರ ಜೊತೆ ಬೆಲ್ಲದ ಬಣ್ಣದ ಬಗ್ಗೆ ಚರ್ಚೆಯಾಯಿತು. ವಾಪಸು ಬಂದಾಗ ಇಡ್ಲಿ ಬೆಂದಿತ್ತು. ಕಾರ್ಡೂ ಬೆಂದಿತ್ತು!

ಕಪ್ಪು ಕಾಗದ ಬಿಟ್ಟಿತ್ತು, ನಿಜ. ಅದರ ಜೊತೆಗೆ ಅಕ್ಷರಗಳೂ ಬಿಟ್ಟಿದ್ದವು. ಹಿಂಬದಿ ಈಗ ತೊಳೆದ ಪಂಚೆಯಷ್ಟು ಬಿಳಿ. ಹೋಗಲಿ ಎಂದು ಮುಂಬದಿ ತಿರುಗಿಸಿದರೆ, ವಿಮಾನದ ಒಂದು ತುದಿಯ ಬಣ್ಣವೆಲ್ಲ ಇಡ್ಲಿ ಬಟ್ಟೆಗೆ ಹತ್ತಿ, ಅಲ್ಲೊಂದು ಮಸಿಮಸಿ ಕಲೆ ಮಾತ್ರ ಉಳಿದಿತ್ತು. ಆ ತುದಿಯಲ್ಲಿ ಮೊದಲು ಏನೋ ಗಾಜಿನಂತೆ ಹೊಳೆಯುತ್ತಿದ್ದ ನೆನಪು. ಆ ತುದಿಯಲ್ಲೇ ಎಂದು ಗಟ್ಟಿಯಾಗಿ ಹೇಳಲಾರೆ. ಇನ್ನೊಂದು ತುದಿಯಲ್ಲೋ ಏನೋ!

"ಇದೇನ್ರೀ, ಇಡ್ಲಿಗೆ ನೀಲಿ ಬಂದೈತೆ?" ಎಂದಳು ಗೌರಮ್ಮ.

"ಹಬ್ಬದ ಕಾಲ, ಬಣ್ಣ ಇರಲಿ" ಎಂದು ಅದನ್ನು ನಾನೇ ತಿಂದೆ. ಸಾಕ್ಷ್ಯ ನಾಶ ಮಾಡಲು ಬೇರೆ ದಾರಿ ಇರಲಿಲ್ಲ.

ಈಗ ಹೆಸರಿನ ಜೊತೆ ಇನ್ನೊಂದು ತೊಡಕು. ಚಿತ್ರದಲ್ಲಿ ಉಳಿದದ್ದು ಇಷ್ಟು: ಉದ್ದನೆಯ ಮೈ, ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ನಡುವೆ ದೊಡ್ಡ ರೆಕ್ಕೆ, ಅದು ದಪ್ಪ ತುದಿಯ ಕಡೆಗೆ ಬಾಗಿದೆ. ಸಣ್ಣ ತುದಿಯ ಹತ್ತಿರ ಒಂದು ಜೊತೆ ಪುಟ್ಟ ರೆಕ್ಕೆ. ಇದರಲ್ಲಿ ಮುಂದೆ ಯಾವುದು, ಹಿಂದೆ ಯಾವುದು?

ಕಾಫಿ ಹೋಟೆಲಿಗೆ ಒಯ್ದೆ. ಒಬ್ಬರು ಇದು ವಿಮಾನವೇ ಅಲ್ಲ, ಮೀನು ಎಂದರು. ಬೆಟ್ಟದಪುರದ ಕಡೆಯ ಒಬ್ಬ ಹೊಗೆಸೊಪ್ಪಿನ ರೈತರು ಕಾರ್ಡನ್ನು ತೆಗೆದುಕೊಂಡು, ಎಲೆಯ ಹದ ನೋಡುವಂತೆ ಮೂಗಿಗೆ ಹಿಡಿದು, "ಉದ್ದಿನಬೇಳೆ ವಾಸ್ನೆ ಬತ್ತಾ ಐತಲ್ಲ!" ಎಂದರು. ನಾನು ಕಾರ್ಡು ಕಸಿದುಕೊಂಡು ಎದ್ದುಬಂದೆ.

ಕೊನೆಗೆ ಗಫಾರ್ ಸಾಹೇಬರ ಕೊಟ್ಟಿಗೆಗೆ ಹೋದೆ. ನಮ್ಮ ಬೀದಿಯ ತುದಿಯಲ್ಲೇ ಅವರ ಕೆಲಸ. ಎತ್ತಿನ ಗಾಡಿ ಮಾಡುವುದರಲ್ಲಿ ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಅವರ ಹೆಸರು. ಅಲ್ಲಿ ಹೋಗಿ ಕೂತರೆ ಹೊಸ ಮರದ ವಾಸನೆ. ಇವತ್ತಿಗೂ ಎಲ್ಲಾದರೂ ಉಳಿ ಹೊಡೆಯುವ ಸದ್ದು ಕೇಳಿದರೆ ನನಗೆ ಸಾಹೇಬರ ಕೊಟ್ಟಿಗೆ, ಕಿವಿಯ ಸಂದಿಯ ಅವರ ಪೆನ್ಸಿಲ್ಲು, ಅರ್ಧ ಕುಡಿದು ಮರೆತ ಚಹಾದ ಲೋಟ ನೆನಪಾಗಿ ಮನಸ್ಸು ಒಂದು ಕ್ಷಣ ಅಲ್ಲೇ ನಿಂತುಬಿಡುತ್ತದೆ.

ಸಾಹೇಬರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ರಲ್ಲಿ ಯೋಚ್ನೆ ಮಾಡೋದು ಏನೈತೆ ನಂಜುಂಡಪ್ನೋರೆ? ಗಾಡಿ ನೋಡಿಲ್ವ ನೀವು? ಸಣ್ಣಕ್ಕೆ ಹೋಗಿರೋದು ಮೂಕಿ. ಮೂಕಿ ತುದೀಲಿ ಅಡ್ಡಕ್ಕೆ ಪುಟ್ಟದಾಗಿ ಇರೋದು ನೊಗ. ದಪ್ಪಗಿರೋದು ಗಾಡಿ ಮೈ. ಮೂಕಿ ಮುಂದೆ ಹೋಯ್ತದೆ, ಗಾಡಿ ಹಿಂದೆ ಬತ್ತದೆ. ಅಷ್ಟೇ ಕಣ್ರೀ!"

ನನಗೆ ಮೈ ಜುಮ್ಮೆಂದಿತು. ಎಷ್ಟು ಸರಳ! ಪೇಪರಿನಲ್ಲಿ ಹೊಸ ಜೆಟ್ ವಿಮಾನಗಳ ಚಿತ್ರ ನೋಡಿದ್ದೆ, ಅವುಗಳ ರೆಕ್ಕೆ ಹಿಂದಕ್ಕೆ ಬಾಗಿರುತ್ತದೆ. ಸಣ್ಣ ತುದಿಯೇ ಮೂತಿ ಎಂದಿಟ್ಟುಕೊಂಡರೆ ಇದರ ರೆಕ್ಕೆಯೂ ಸರಿಯಾಗಿ ಹಿಂದಕ್ಕೇ ಬಾಗುತ್ತದೆ. ಅವರ ಗಾಡಿಶಾಸ್ತ್ರ, ನನ್ನ ವಿಮಾನಶಾಸ್ತ್ರ ಎರಡೂ ಒಂದೇ ಮಾತು ಹೇಳಿದವು. ಇನ್ನೇನು ಬೇಕು? ಇಬ್ಬರೂ ಚಹಾ ಕುಡಿದು ವಿಷಯವನ್ನು ಇತ್ಯರ್ಥಪಡಿಸಿದೆವು.

ಉಳಿದದ್ದು ಹೆಸರು. ಅದನ್ನು ನಾನೇ ಇಟ್ಟೆ. "ಬೊಲ್ಶಕೋವ್‌ಸ್ಕಿ ನಂಬರ್ ಏಳು." ರಷ್ಯಾದವರಿಗೂ ಅನುಮಾನ ಬರುವಂತಿರಲಿಲ್ಲ! ದುಂಡಗೆ ಚೀಟಿ ಬರೆದು ಗೌರಮ್ಮನಿಗೆ ಕೊಟ್ಟೆ. ಅವಳು ಅದನ್ನು ಅಡುಗೆ ಮಾಡುತ್ತ, ಬಾವಿಯಲ್ಲಿ ನೀರು ಸೇದುತ್ತ, ಅವ್ವ ಕೇಳಿದಾಗ ತಡವರಿಸಬಾರದೆಂದು ಬಾಯಿಪಾಠ ಮಾಡಿದಳು. "ನಮ್ಮನೇರು ಪತ್ತೆ ಮಾಡಿದ್ದು" ಎಂದು ನೆರೆಮನೆಯವರಿಗೆಲ್ಲ ಹೇಳಿದಳು. ಆ ಹೆಮ್ಮೆ ನೋಡಿ ನನಗೆ ಒಳಗೊಳಗೇ ಸ್ವಲ್ಪ ಅಳುಕಾಯಿತು. ಸ್ವಲ್ಪವೇ.

ಸಾಹೇಬರು ಹಗುರವಾದ ಮರದಲ್ಲಿ ಮೊಳದುದ್ದದ ವಿಮಾನ ಮಾಡಿದರು. ಏನು ಅಂದ! ಹೊಟ್ಟೆಗೆ ಪುಟ್ಟ ಬಾಗಿಲು, ಬಾಗಿಲಿಗೆ ದಾರ. ಬೆನ್ನಿನ ನಡುವೆ ಒಂದು ಬಳೆ, ಬಳೆಗೆ ತಂತಿ. ತಂತಿಯನ್ನು ಅಟ್ಟದ ತೊಲೆಯಿಂದ ಎದುರಿನ ಕಿಟಕಿಯ ಸರಳಿಗೆ ಇಳಿಜಾರಾಗಿ ಕಟ್ಟಿದೆವು. ಸಾಹೇಬರು ಏಣಿ ಹತ್ತಿ ವಿಮಾನ ಬಿಡುವುದು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ದಾರ ಎಳೆಯುವುದು ಎಂದು ಗೊತ್ತಾಯಿತು.

ಮೊದಲ ಪರೀಕ್ಷೆಯಲ್ಲಿ ವಿಮಾನ ಚೆನ್ನಾಗಿಯೇ ಹೊರಟಿತು. ಅರ್ಧ ದಾರಿಯಲ್ಲಿ ತಾನಾಗಿ ತಿರುಗಿ, ದಪ್ಪ ತುದಿ ಮುಂದಾಗಿ ಹೋಗಿ ನಿಂತಿತು.

"ಗಾಳಿ" ಎಂದೆ. ಕಿಟಕಿ ಮುಚ್ಚಿದೆವು.

ಮತ್ತೆ ಬಿಟ್ಟೆವು. ಮತ್ತೆ ತಿರುಗಿತು. ಆ ವಿಮಾನಕ್ಕೆ ತನ್ನ ಮುಖ ಯಾವುದು ಎಂದು ತಿಳಿದಿತ್ತು, ನಮಗೆ ತಿಳಿದಿರಲಿಲ್ಲ!

"ಮೂಕಿ ಹಗುರ ಆಗೈತೆ" ಎಂದರು ಸಾಹೇಬರು. "ಮುಂದಕ್ಕೆ ಭಾರ ಬೇಕು."

ಭಾರಕ್ಕೆ ನನ್ನ ಅಂಗಡಿಯಲ್ಲಿ ಬರವೇ? ತಕ್ಕಡಿಯ ತೂಕದ ಕಲ್ಲೊಂದನ್ನು ತಂದು ಸಣ್ಣ ತುದಿಗೆ ಬಿಗಿದೆವು. ಈ ಸಲ ವಿಮಾನ ತಿರುಗಲಿಲ್ಲ. ತಂತಿ ಸ್ವಲ್ಪ ಜೋತಿತು, ವಿಮಾನ ಸ್ವಲ್ಪ ಜೋರಾಗಿ ಹೋಯಿತು, ಅಷ್ಟೇ. ಬಾಂಬರ್ ಅಂದಮೇಲೆ ಜೋರಾಗಿ ಹೋಗದೆ ಇನ್ನೇನು?

ಆಯುಧಪೂಜೆಯ ಹಿಂದಿನ ಸಂಜೆ ಅತ್ತೆ ಬಂದರು. ಕೆ.ಆರ್. ನಗರದಲ್ಲಿ ಕನ್ನಂಬಾಡಿ ಕಟ್ಟೆ ನೋಡಿಕೊಂಡು, ರಾಜಮ್ಮ, ಶಿವಲಿಂಗಪ್ಪನವರ ಜೊತೆಯಲ್ಲೇ ಬಸ್ಸಿನಲ್ಲಿ ಬಂದಿಳಿದರು. ಮಡಿಲಲ್ಲಿ ಮಗುವಿನಂತೆ ಒಂದು ಗಂಟು. ಅದರಲ್ಲಿ ಪಟ್ಟದ ಗೊಂಬೆಗಳು! ಷಡ್ಡಕ ರೇಷ್ಮೆ ಪಂಚೆ ಉಟ್ಟು, ನಮ್ಮ ಲಾಟೀನಿನ ಕಡೆ ಒಮ್ಮೆ ನೋಡಿ, "ಕರೆಂಟು ಇನ್ನೂ ತಗೊಂಡಿಲ್ವ ತಮ್ಮಾ?" ಎಂದರು. ನಾನು ಹಲ್ಲು ಕಚ್ಚಿ ನಕ್ಕೆ.

ನಡುಮನೆಯಲ್ಲಿ ಗೌರಮ್ಮನ ಗೊಂಬೆಗಳು ಎಣ್ಣೆ ದೀಪದ ಬೆಳಕಲ್ಲಿ ಕೂತಿದ್ದವು. ಗೊಂಬೆ ನೋಡಲು ಬಂದ ಹೆಣ್ಣುಮಕ್ಕಳಿಂದ ಮನೆ ತುಂಬಿತ್ತು. ಅವರು ಹಾಡು ಹೇಳಿ, ಕೈಗೆ ಕೊಟ್ಟ ಚರ್ಪು, ಅಂದರೆ ಪುರಿ, ಕೊಬ್ಬರಿ ಸಕ್ಕರೆ, ಸೆರಗಿಗೆ ಹಾಕಿಕೊಂಡು, ಹೋಗಲೊಲ್ಲದೆ ನಿಂತಿದ್ದರು. ಅತ್ತೆ ಒಂದೊಂದು ಗೊಂಬೆಯನ್ನೂ ವಿಚಾರಿಸಿದರು. ಮಣ್ಣಿನ ಅಂಗಡಿ ಶೆಟ್ಟರ ಜೋಡಿ, ಪೊಲೀಸು, ಹಾಲು ಕರೆಯುವವಳು, ಎಲ್ಲರೂ ಪಾಸಾದರು. ಆಮೇಲೆ ಅವರು ಗಂಟು ಬಿಚ್ಚಿ, "ಎಂಗೆ ಕಾಣ್ತದೋ ನೋಡವ" ಎಂದು ತಮ್ಮ ರಾಜ ರಾಣಿಯರನ್ನು ಗೌರಮ್ಮನ ಕೈಯಿಂದಲೇ ಮೇಲಿನ ಮೆಟ್ಟಿಲಲ್ಲಿ ಕೂರಿಸಿದರು. ಗೌರಮ್ಮ ರಾಣಿಯ ಸೀರೆಯ ನೆರಿಗೆ ಸರಿಮಾಡಿದಳು. ಇದು ಇವಳಿಗೇ ಸಿಗಲಪ್ಪ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ.

ಅತ್ತೆ ತಲೆಯೆತ್ತಿ ನೋಡಿದರು. "ಮ್ಯಾಗಡೆ ನೇತಾಡ್ತಿರೋದು ಏನವ್ವ ಅದು?"

ಗೌರಮ್ಮ ಒಂದೇ ಉಸಿರಿಗೆ, "ಬೊಲ್ಶಕೋವ್‌ಸ್ಕಿ ನಂಬರ್ ಏಳು!" ಎಂದಳು.

ಸಭೆ ಬೆರಗಾಯಿತು. ಷಡ್ಡಕನ ಮುಖ ನೋಡಬೇಕಿತ್ತು! ಇದೇ ಹೊತ್ತಿಗೆ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಅಂಗಡಿ ಮುಚ್ಚಿದ್ದು ನೋಡಿ, ಜೇನುತುಪ್ಪದ ಡಬ್ಬ ಹಿಡಿದು ಸುಬೇದಾರ್ ಬೋಪಯ್ಯನವರು ಮನೆಗೇ ಬಂದಿದ್ದರು. ಕೈಸನ್ನೆಯಿಂದ ಅವರನ್ನು ನಿಲ್ಲಿಸಿ, ಏರೋಡ್ರೋಮಿನ ದನಿಯಲ್ಲಿ "ಸಾಹೇಬ್ರೆ, ಬಿಡಿ!" ಎಂದೆ.

ವಿಮಾನ ಹೊರಟಿತು. ಹೊರಟಿತು ಎನ್ನುವುದಕ್ಕಿಂತ ನುಗ್ಗಿತು. ರಾಜ ರಾಣಿಯರ ನೆತ್ತಿಗೆ ಬಂದಾಗ ದಾರ ಎಳೆದೆ. ಬಾಗಿಲು ತೆರೆಯಲಿಲ್ಲ. ಗೌರಮ್ಮ ಹೂವು ಬಾಡಬಾರದೆಂದು ನೀರು ಚಿಮುಕಿಸಿದ್ದಳಂತೆ, ಮರ ಉಬ್ಬಿಕೊಂಡಿತ್ತು. ಇನ್ನೂ ಜೋರಾಗಿ ಎಳೆದೆ. ಆಗ ನಾಲ್ಕು ಸಂಗತಿಗಳು ಒಟ್ಟಿಗೆ ನಡೆದವು. ತೂಕದ ಕಲ್ಲು ಕಳಚಿ, ಬಂದವರಿಗೆಂದು ಕೆಳಗಿಟ್ಟಿದ್ದ ಪಾನಕದ ಕೊಳದಪ್ಪಲೆಗೆ ಬಿತ್ತು. ಪಾನಕ ಎದ್ದು ಷಡ್ಡಕನ ರೇಷ್ಮೆ ಪಂಚೆಯ ಮೇಲೆ ಕೂತಿತು. ಭಾರ ಕಳೆದ ವಿಮಾನ ಗಿರ್ರನೆ ತಿರುಗಿ ತನ್ನ ನಿಜವಾದ ಮುಖ ಮುಂದೆ ಮಾಡಿತು. ತಂತಿ ತೊಲೆಯಿಂದ ಕಿತ್ತು ಬಂತು!

ರಷ್ಯಾದ ಬಾಂಬರ್ ನೇರವಾಗಿ ರಾಜನ ಎದೆಗೆ ಇಳಿಯಿತು. ರಾಜ ಹಿಂದಿನ ಗೋಡೆಗೆ ಬಡಿದು ಮುಂದಕ್ಕೆ ವಾಲಿ, ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳುತ್ತ, ಪೊಲೀಸನ್ನು ಕೆಡವಿ, ಅಂಗಡಿ ಶೆಟ್ಟರ ತಲೆ ಹಾರಿಸಿ, ಅತ್ತೆಯ ಕಾಲ ಬಳಿ ಬಂದು ಮಲಗಿದ. ರಕ್ತಚಂದನ ನೋಡಿ, ಒಂದು ಗೀರೂ ಬಿದ್ದಿರಲಿಲ್ಲ. ಮೇಲೆ ರಾಣಿ ಒಬ್ಬಳೇ ಕೂತಿದ್ದಳು. ಎಲ್ಲ ಮುಗಿದ ಮೇಲೆ ಹೊಟ್ಟೆಯ ಬಾಗಿಲು ನಿಧಾನವಾಗಿ ತೆರೆಯಿತು. ಒದ್ದೆ ಸೇವಂತಿಗೆಯ ದಳಗಳು ಮುದ್ದೆಯಾಗಿ ತಲೆಯಿಲ್ಲದ ಶೆಟ್ಟರ ಮೇಲೆ ಬಿದ್ದವು. ಪುಷ್ಪವೃಷ್ಟಿ ನೆರವೇರಿತು.

ಮೊದಲು ಮಾತಾಡಿ ಪುಣ್ಯ ಕಟ್ಟಿಕೊಂಡವರು ಸುಬೇದಾರರು.

"ಅಲ್ಲ ಮಾರಾಯ್ರೆ, ವಿಮಾನವನ್ನು ಹಿಂದುಮುಂದಾಗಿ ಯಾಕೆ ಬಿಟ್ಟಿರಿ?"

"ಹಿಂದುಮುಂದಾ?"

"ಮತ್ತೆ? ಎಲ್ಲ ಜೆಟ್ ವಿಮಾನದ ರೆಕ್ಕೆ ಹಿಂದಕ್ಕೆ ಬಾಗಿರ್ತದೆ, ಇದರದ್ದು ಮುಂದಕ್ಕೆ. ಇದರ ವಿಶೇಷವೇ ಅದಲ್ಲವಾ! ದಪ್ಪ ತುದಿಯಲ್ಲಿ ಗಾಜಿನ ಮೂತಿ ಇತ್ತಲ್ಲ ಕಾರ್ಡಿನಲ್ಲಿ, ನೋಡಲಿಲ್ಲವಾ ನೀವು?"

ನಾನು ಕಾರ್ಡು ತಂದುಕೊಟ್ಟೆ. ಅವರು ಮಸಿ ಕಲೆ ನೋಡಿದರು, ಬೆಳ್ಳಗಾದ ಹಿಂಬದಿ ನೋಡಿದರು. ಗೌರಮ್ಮ ಕಾರ್ಡು ನೋಡಿದಳು, ನನ್ನ ಮುಖ ನೋಡಿದಳು.

"ನೀಲಿ ಇಡ್ಲಿ!" ಎಂದಳು.

ಏಣಿಯ ಮೇಲಿಂದ ಗಫಾರ್ ಸಾಹೇಬರು ಸಣ್ಣ ದನಿಯಲ್ಲಿ, "ಗಾಡಿ ಆಗಿದ್ರೆ ನಂದೇ ಸರಿ" ಎಂದರು.

ಗೌರಮ್ಮ ಕೆಳಗೆ ಕೂತು ಒಡೆದ ಶೆಟ್ಟರ ಚೂರುಗಳನ್ನು ಆರಿಸತೊಡಗಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಹುಡುಗಿಯಾಗಿದ್ದಾಗಿನಿಂದ ಆಸೆಪಟ್ಟದ್ದನ್ನು ನಾನು ಒಂದು ದಾರ ಎಳೆದು ಕಳೆದುಬಿಟ್ಟೆ ಎನ್ನಿಸಿತು.

ಅತ್ತೆ ಬಗ್ಗಿ ರಾಜನನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ರಾಜನನ್ನು ಗೌರಮ್ಮನ ಕೈಗಿಟ್ಟರು.

"ತಗೊ ಮಗ. ಜೋಡಿನ ನೀನೇ ಇಟ್ಕೊ."

"ಅವ್ವಾ!" ಎಂದಳು ರಾಜಮ್ಮ. "ನಮ್ಮನೇಲಿ ಕಟ್ಟೆ ಕಟ್ಟಿರ್ಲಿಲ್ವ? ನೀರು ಬಿಟ್ಟಿರ್ಲಿಲ್ವ?"

"ಕಟ್ಟಿದ್ರಿ ಕಣವ್ವ, ಬಲ್ ಚೆಂದಾಗಿತ್ತು" ಎಂದರು ಅತ್ತೆ. "ನಿನ್ ಗಂಡ ಕಟ್ಟೆ ಕಟ್ತಾನೆ, ನೀರು ಬುಡ್ತಾನೆ, ದೀಪ ಹಚ್ತಾನೆ. ನಿಂಗೇನು ಕಮ್ಮಿ? ಇವಳ್ನ ನೋಡು, ಪಾಪ. ಇವಳಿಗೆ ಗೊಂಬೆನಾದ್ರೂ ನೆಟ್ಟಗಿರೋದು ಇರಲಿ ಬುಡು!"

ಹೆಣ್ಣುಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಪಾನಕದಲ್ಲಿ ತೊಯ್ದ ಷಡ್ಡಕರೂ ನಕ್ಕರು. ಗೌರಮ್ಮ ರಾಜನನ್ನು ಎದೆಗವಚಿಕೊಂಡು ಅಳುತ್ತಲೇ ನಕ್ಕಳು. ಅಷ್ಟು ಜನರಲ್ಲಿ ನಗಬೇಕೋ ಬೇಡವೋ ಎಂದು ತಿಳಿಯದೆ ನಿಂತವನು ನಾನೊಬ್ಬನೇ. ನನ್ನ ಹೆಂಡತಿಗೆ ಪಟ್ಟದ ಗೊಂಬೆ ಗೆದ್ದುಕೊಟ್ಟವನು ನಾನೇ. ಹೇಗೆ ಎಂಬುದನ್ನು ಮಾತ್ರ ಊರಿಗೆ ಹೇಳುವಂತಿರಲಿಲ್ಲ. ಊರಿಗೆ ಮಾರನೆಯ ಬೆಳಿಗ್ಗೆಯೇ ಗೊತ್ತಾಗಿತ್ತು, ಅದು ಬೇರೆ ಮಾತು.

ಸುಬೇದಾರರು ಜೇನುತುಪ್ಪವನ್ನು ಕೊಟ್ಟೇ ಹೋದರು. ಕಾರ್ಡನ್ನೂ ನನಗೇ ಬಿಟ್ಟರು. "ಇದು ನಿಮ್ಮ ಹತ್ರವೇ ಇರಲಿ ಮಾರಾಯ್ರೆ, ಇನ್ನು ಆಲ್ಬಮಿಗೆ ಬೇಡ" ಎಂದರು. ಆ ವಿಮಾನದ ನಿಜವಾದ ಹೆಸರು ನನಗೆ ಇವತ್ತಿನವರೆಗೂ ತಿಳಿದಿಲ್ಲ. ಅದರ ನಂತರ ಆಕಾಶದಲ್ಲಿ ಸದ್ದಾದರೆ ನಾನು ತಕ್ಕಡಿ ಬಿಟ್ಟು ಏಳಲಿಲ್ಲ. ಗಿರಾಕಿಗಳೇ ಹಣೆಗೆ ಕೈ ಹಿಡಿದು ನೋಡಿ, "ಡಕೋಟಾ, ಅಲ್ವ ನಂಜುಂಡಪ್ಪ?" ಎಂದು ನನ್ನನ್ನೇ ಕೆಣಕುತ್ತಿದ್ದರು.

ಸುಬೇದಾರರು ಈಗ ಇಲ್ಲ, ಅತ್ತೆಯೂ ಇಲ್ಲ, ಸಾಹೇಬರ ಕೊಟ್ಟಿಗೆಯ ಉಳಿಯ ಸದ್ದು ನಿಂತು ಎಷ್ಟೋ ಕಾಲವಾಯಿತು. ಗೌರಮ್ಮ ಮಾತ್ರ ದಸರೆ ಬಂದಾಗಲೆಲ್ಲ ಒಂಟಿಗಣ್ಣಿನ ರಾಣಿಯನ್ನೂ ರಾಜನನ್ನೂ ಮೇಲೆ ಕೂರಿಸಿ, ರೆಕ್ಕೆ ಮುರಿದ ಆ ವಿಮಾನವನ್ನು ಕೆಳಗಿನ ಮೆಟ್ಟಿಲಲ್ಲಿ ಇಡುತ್ತಾಳೆ. ಹಾರಿಸುವುದಿಲ್ಲ. ನಾನು ಬರೆದ ಚೀಟಿ ಹರಿದು ಹಾಕಿ ಅದಕ್ಕೆ ತಾನೇ ಹೊಸ ಚೀಟಿ ಬರೆದಿದ್ದಾಳೆ: "ರಷ್ಯಾದ ವಿಮಾನ. ಇದರ ಮುಂದು ಯಾವುದು, ಹಿಂದು ಯಾವುದು ಎಂದು ಯಜಮಾನರನ್ನು ಕೇಳಬಾರದು."

ಗೊಂಬೆ ನೋಡಲು ಬಂದವರು ಅದನ್ನು ಓದುತ್ತಾರೆ. ಓದಿ, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ನನ್ನ ಕಡೆ ತಿರುಗಿ, ಇವರ ಮುಂದೆಯೂ ಒಂದು ಚೀಟಿ ಇಟ್ಟಿದ್ದಾರೆಯೇ ಎಂದು ನೋಡುತ್ತಾರೆ.